ಬರಿಹೊಟ್ಟೆಯ ರಕ್ತ

ಹೊಸೂರು
12 ಜನವರಿ 2005

ವರಲಕ್ಷ್ಮಕ್ಕನಿಗೆ ಶ್ರೀವಿದ್ಯಾ ಮಾಡುವ ನಮಸ್ಕಾರ.

ಮೊನ್ನೆ ಬೆಂಗಳೂರಿನ ಆಸ್ಪತ್ರೆಯಿಂದ ಬಂದು ನಿಮ್ಮೂರಿನ ಬಸ್ಸು ಹತ್ತುವಾಗ, "ಆ ಡಾಕ್ಟ್ರು ಆಡಿದ್ದೆಲ್ಲ ಬರೀ ಇಂಗ್ಲೀಷು ಕಣಮ್ಮ, ತಲೆಗೆ ಒಂದೂ ಹತ್ತಲಿಲ್ಲ. ನಿಧಾನಕ್ಕೆ ಬರೆದು ಕಳ್ಸು" ಎಂದಿರಿ. ಅದಕ್ಕೇ ಕುಳಿತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅಂಚೆಟ್ಟಿಯ ಬೂತಿನಲ್ಲಿ ನೀವು ಫೋನ್ ಹಿಡಿದರೆ ಹಿಂದೆ ನಿಂತವರಿಗೆಲ್ಲ ನಿಮ್ಮ ತಮ್ಮನ ಕಿಡ್ನಿ ಕೆಟ್ಟ ವಿಷಯ ಗೊತ್ತಾಗುತ್ತದೆ. ಅದು ನಿಮಗೂ ಬೇಡ, ನನಗೂ ಬೇಡ.

ಕ್ರಿಯಾಟಿನಿನ್ ಎಂದರೆ, ನಾವು ತಿಂದು ಓಡಾಡಿ ಕೆಲಸ ಮಾಡುವಾಗ ಮೈಯೊಳಗೆ ಹುಟ್ಟುವ ಕಸ. ಕಿಡ್ನಿ ಅದನ್ನು ದಿನಾ ಗುಡಿಸಿ ಹೊರಗೆ ಹಾಕುತ್ತದೆ. ನಮ್ಮಂಥವರಲ್ಲಿ ಅದು ಒಂದರ ಆಸುಪಾಸು ಇರುತ್ತದೆ, ಇವರಿಗೆ ಒಂಬತ್ತು ದಾಟಿದೆ. ಕಿಡ್ನಿ ಮಾಡಲಾಗದ ಆ ಕೆಲಸವನ್ನು ಯಂತ್ರ ಮಾಡಿದರೆ ಅದೇ ಡಯಾಲಿಸಿಸ್. ಕೈಯಿಂದ ರಕ್ತ ಹೊರಗೆ ಹೋಗಿ, ಯಂತ್ರದಲ್ಲಿ ಸೋಸಿ, ಮತ್ತೆ ಒಳಗೆ ಬರುತ್ತದೆ. ಮಂಗಳವಾರ, ಶುಕ್ರವಾರ ಎರಡೂ ದಿನ ಹೋಗಲೇಬೇಕು. ನೀವು ಅವರ ಎಡಗೈ ಮುಟ್ಟಿ "ಇದೇನ್ಲಾ ಒಳಗೆ ಜುಂ ಅಂತೈತೆ" ಎಂದು ಹೆದರಿ ಕೈ ಕಿತ್ತುಕೊಂಡಿರಲ್ಲ, ಅದು ಫಿಸ್ಟುಲಾ. ದಪ್ಪ ಸೂಜಿ ಚುಚ್ಚಲು ಅನುಕೂಲವಾಗಲಿ ಎಂದು ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದಾರೆ. ಅದು ಜುಂ ಎನ್ನುತ್ತಿರಬೇಕು. ನಿಂತರೇ ನಾವು ಹೆದರಬೇಕು.

ಇನ್ನು ಡೋನರ್ ಎಂದರೆ ನೀವು. ನನ್ನ ರಕ್ತದ ಗುಂಪು ಬಿ, ಅವರದು ಓ. ನನ್ನ ಕಿಡ್ನಿ ಅವರಿಗೆ ಆಗುವುದಿಲ್ಲ ಎಂದಾಗ ನಾನು ಡಾಕ್ಟರ ಮುಂದೆಯೇ ಅತ್ತುಬಿಟ್ಟೆ. "ಅದಕ್ಯಾಕೆ ಅಳ್ತೀಯ, ನಂದೂ ಓ ಅಂದ್ರಲ್ಲ, ನಂಗೆ ಎರಡಿಲ್ವಾ" ಎಂದಿರಿ ನೀವು. ಬೇರೆ ಒಡಹುಟ್ಟಿದವರಿಲ್ಲದ ಇವರಿಗೆ ನೀವೊಬ್ಬರೇ ದಿಕ್ಕು. ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮ ಮಾತಿನ ಖಾರಕ್ಕೆ ಹೆದರುತ್ತಿದ್ದವಳು ನಾನು. ಈಗ ಆ ಮಾತೊಂದನ್ನೇ ನೆನೆಸಿಕೊಂಡು ಅನ್ನ ನುಂಗುತ್ತಿದ್ದೇನೆ.

ಮೊದಲ ಪರೀಕ್ಷೆಗಳನ್ನು ಹತ್ತಿರದಲ್ಲೇ ಮಾಡಿಸಿ ಎಂದಿದ್ದಾರೆ. ಡೆಂಕಣಿಕೋಟೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಲ್ಯಾಬಿನಲ್ಲಿ ಹೇಳಿದ್ದೇನೆ. ಫಾಸ್ಟಿಂಗ್ ಎಂದರೆ ಬರಿಹೊಟ್ಟೆಯಲ್ಲಿ ಕೊಡುವ ರಕ್ತ. ಹಿಂದಿನ ರಾತ್ರಿ ಊಟ ಮಾಡಿದ ಮೇಲೆ ಏನೂ ತಿನ್ನದೆ, ಕಾಫಿ ಟೀ ಕುಡಿಯದೆ ಹೋಗಬೇಕು. ನೀರು ಕುಡಿಯಬಹುದು. ರಿಪೋರ್ಟು ನನ್ನ ವಿಳಾಸಕ್ಕೆ ಬರುತ್ತದೆ.

ಇವರು ಚೆನ್ನಾಗಿದ್ದಾರೆ. ನಿಮ್ಮನ್ನು ಕೇಳಿದರು.

ನಿಮ್ಮ
ಶ್ರೀವಿದ್ಯಾ

---

ಅಂಚೆಟ್ಟಿ
30 ಜನವರಿ 2005

ಚಿ. ಸೌ. ಶ್ರೀವಿದ್ಯಾಗೆ ವರಲಕ್ಷ್ಮಕ್ಕನ ಆಶೀರ್ವಾದ.

ನಿನ್ನ ಕಾಗದ ಎರಡು ಸಲ ಓದಿದೆ. ನಾನು ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಕುಳಿತವಳು, ಇಷ್ಟು ಬಿಡಿಸಿ ಯಾವ ಮೇಷ್ಟ್ರೂ ನನಗೆ ಹೇಳಿರಲಿಲ್ಲ. ಆ ಕ್ರಿಯಾ ಏನೋ ಎಂಬ ಹೆಸರು ಮಾತ್ರ ನಾಲಿಗೆಗೆ ಹೊರಳುವುದಿಲ್ಲ. ನಾನು ಕಸ ಎಂದೇ ಅನ್ನುತ್ತೇನೆ. ಅವನ ಕಸ ಎಷ್ಟಿದೆ ಎಂದು ಕೇಳಿದರೆ ಮನೆ ಗುಡಿಸುವ ವಿಷಯ ಎಂದುಕೊಳ್ಳಬೇಡ.

ನಿನ್ನೆ ಶನಿವಾರ ರಕ್ತ ಕೊಟ್ಟು ಬಂದೆ. ಮೊದಲ ಬಸ್ಸಿಗೆ ಹೋದರೆ ಕಾಡಿನ ತಿರುವಿನಲ್ಲಿ ಆನೆಗಳು ರಸ್ತೆ ದಾಟುತ್ತಿದ್ದವು. ಡ್ರೈವರ್ ಇಂಜಿನ್ ಆಫ್ ಮಾಡಿ ಕುಳಿತ. ಎಲ್ಲರೂ ಉಸಿರು ಬಿಗಿಹಿಡಿದಿದ್ದರೆ ಪಕ್ಕದಲ್ಲಿದ್ದ ಪಿಳ್ಳಮ್ಮ ಮಾತ್ರ ಕೋಳಿಮೊಟ್ಟೆಯ ಬುಟ್ಟಿ ತಬ್ಬಿಕೊಂಡು, "ಬೇಗ ಹೋಗ್ರಪ್ಪ, ಸಂತೆ ಹೊತ್ತಾಯ್ತದೆ" ಎಂದು ಆನೆಗಳಿಗೇ ಹೇಳುತ್ತಿದ್ದಳು. ಅಷ್ಟಾದರೂ ನಾನು ಡೆಂಕಣಿಕೋಟೆ ಮುಟ್ಟಿದಾಗ ಲ್ಯಾಬು ಇನ್ನೂ ತೆರೆದಿರಲಿಲ್ಲ. ಎದುರಿಗೇ ಆಂಜನೇಯನ ಗುಡಿ ಇದೆಯಲ್ಲ, ಅಲ್ಲಿ ಕುಳಿತು ನಮ್ಮ ಅಂಬರೀಶನ ಹೆಸರಿನಲ್ಲಿ ಅರ್ಚನೆ ಮಾಡಿಸಿದೆ. ಆಮೇಲೆ ಹೋಗಿ ತೋಳು ಚಾಚಿದೆ. ಸೂಜಿ ಚುಚ್ಚುವ ಹುಡುಗಿ, "ಅಮ್ಮ, ಮುಖ ಆ ಕಡೆ ತಿರುಗ್ಸಿ" ಎಂದಳು. ನನ್ನ ರಕ್ತ ನಾನು ನೋಡಬಾರದಾ? ನೋಡಿದೆ. ಒಳ್ಳೆ ಗಟ್ಟಿಯಾಗಿದೆ.

ನೀನು ಹೇಳಿದ ಹಾಗೆಯೇ ನಡೆದುಕೊಂಡೆ. ಎಲೆ ಅಡಿಕೆ ಸಹ ಮುಟ್ಟಲಿಲ್ಲ. ನಮ್ಮ ಯಜಮಾನರಿಗೂ ಸಂತೋಷವೇ. ನೀನು ಅಳುವುದು ನಿಲ್ಲಿಸಿ ಎರಡು ತುತ್ತು ಹೆಚ್ಚಿಗೆ ತಿನ್ನು. ಹುಲ್ಲುಕಡ್ಡಿಯ ಹಾಗೆ ಕಾಣುತ್ತಿದ್ದೆ.

ಇತಿ
ವರಲಕ್ಷ್ಮಮ್ಮ

---

ಹೊಸೂರು
8 ಫೆಬ್ರವರಿ 2005

ವರಲಕ್ಷ್ಮಕ್ಕನಿಗೆ ನಮಸ್ಕಾರಗಳು.

ರಿಪೋರ್ಟು ಬಂದಿದೆ. ಉಳಿದದ್ದೆಲ್ಲ ಸರಿಯಾಗಿದೆ, ಶುಗರ್ ಒಂದು ಜಾಸ್ತಿ ಇದೆ. ಬರಿಹೊಟ್ಟೆಯಲ್ಲಿ ಇರಬೇಕಾದದ್ದಕ್ಕಿಂತ ಬಹಳ ಮೇಲಿದೆ. ನಿಮಗೆ ಬಾಯಾರಿಕೆ ಹೆಚ್ಚಾ, ಸುಸ್ತಾಗುತ್ತದೆಯಾ, ಗಾಯ ಬೇಗ ಒಣಗುವುದಿಲ್ಲವಾ ಎಂದು ಡಾಕ್ಟರು ಕೇಳಿದರು. ಕಣದಲ್ಲಿ ರಾಗಿ ಮೂಟೆ ಎತ್ತುವವರು, ಅಂಥದ್ದೇನೂ ಇದ್ದಂತಿಲ್ಲ ಎಂದೆ. ಅವರು ಅದನ್ನೂ ಬರೆದುಕೊಂಡರು.

ಇದು ಯಾಕೆ ಮುಖ್ಯ ಎಂದರೆ, ಶುಗರ್ ಇದ್ದವರ ಕಿಡ್ನಿ ವರ್ಷಗಳು ಹೋದ ಹಾಗೆ ತಾನೇ ಸೋಲಬಹುದು. ಅಂಥವರಿಂದ ಒಂದನ್ನು ತೆಗೆದರೆ ಉಳಿದ ಒಂದು ಅವರನ್ನೂ ಕಾಯುವುದಿಲ್ಲ. ಅದಕ್ಕೆ ಡಾಕ್ಟರು ಒಪ್ಪುವುದೇ ಇಲ್ಲ. ಅನ್‌ಫಿಟ್ ಎಂದು ಬರೆದುಬಿಡುತ್ತಾರೆ, ಕೊಡಲು ತಕ್ಕವರಲ್ಲ ಎಂದು. ಒಂದು ಸಲದ ಪರೀಕ್ಷೆಯ ಮೇಲೆ ಹಾಗೆ ಬರೆಯುವುದಿಲ್ಲವಂತೆ. ಇನ್ನೊಂದು ಸಲ ನೋಡುತ್ತಾರೆ. ಅದೂ ಹೀಗೇ ಬಂದರೆ ಬೇರೆ ಡೋನರ್ ಹುಡುಕಿ ಎಂದಿದ್ದಾರೆ. ಬೇರೆ ಯಾರಿದ್ದಾರೆ ಅಕ್ಕ ನಮಗೆ?

ಇನ್ನೆರಡು ವಾರ ಬಿಟ್ಟು ಮತ್ತೆ ಕೊಡಿ. ದಯವಿಟ್ಟು ಬಹಳ ಕಟ್ಟುನಿಟ್ಟಾಗಿರಿ. ಇವರಿಗೆ ವಿಷಯ ಹೇಳಿದ್ದೇನೆ. ಏನೂ ಅನ್ನಲಿಲ್ಲ.

ಶ್ರೀವಿದ್ಯಾ

---

ಅಂಚೆಟ್ಟಿ
27 ಫೆಬ್ರವರಿ 2005

ಶ್ರೀವಿದ್ಯಾಗೆ ಆಶೀರ್ವಾದ.

ನಿನ್ನ ಕಾಗದ ಬಂದ ದಿನದಿಂದ ಈ ಮನೆಯಲ್ಲಿ ಬೆಲ್ಲದ ಡಬ್ಬಿ ಅಟ್ಟದ ಮೇಲಿದೆ. ಮುದ್ದೆ ಅರ್ಧಕ್ಕೆ ಇಳಿಸಿದೆ. ಹಾಗಲಕಾಯಿ ಜಜ್ಜಿ ರಸ ಕುಡಿಯುತ್ತಿದ್ದೇನೆ, ಅದರ ಕಹಿ ಸಂಜೆಯವರೆಗೆ ಗಂಟಲಲ್ಲೇ ಇರುತ್ತದೆ. ನೆಂಟರ ಮನೆಯ ಗೃಹಪ್ರವೇಶದಲ್ಲಿ ಹೋಳಿಗೆ ಎಲೆಯ ಮೇಲೆ ಹಾಗೇ ಬಿಟ್ಟೆ. ಪಕ್ಕದ ಎಲೆಗೆ ಕುಳಿತಿದ್ದ ಹನುಮಕ್ಕ ನೋಡಿ, "ಯಾಕಕ್ಕ, ಯಾರ ಮೇಲೆ ಕೋಪ?" ಎಂದು ಕೇಳಿದಳು.

ನಿನ್ನೆ ಶನಿವಾರ ಮತ್ತೆ ಕೋಟೆಗೆ ಹೋಗಿ ರಕ್ತ ಕೊಟ್ಟೆ. ಈ ಸಲ ಬಹಳ ಭಯಭಕ್ತಿಯಿಂದ ಹೋದೆ. ಹಿಂದಿನ ರಾತ್ರಿಯೂ ಊಟ ಮಾಡಲಿಲ್ಲ, ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದೆ. ಬಸ್ಸಿನಲ್ಲಿ ತಲೆ ತಿರುಗಿದ ಹಾಗಾಯಿತು, ಆದರೂ ಬಾಯಿಗೆ ಏನೂ ಹಾಕಲಿಲ್ಲ. ಈ ಸಲ ಸರಿಯಾಗೇ ಬರುತ್ತದೆ. ನನ್ನ ಮನಸ್ಸು ಹೇಳುತ್ತಿದೆ.

ಅಂಬರೀಶ ನನಗೆ ಒಂದು ಸಾಲು ಬರೆಯಬಾರದಾ? ಕೈಗೆ ಸೂಜಿ ಚುಚ್ಚುವುದು ಎಡಗಡೆ ಎಂದು ನೀನೇ ಬರೆದಿದ್ದೆ. ಬರೆಯುವ ಕೈ ಬಲಗಡೆಯದಲ್ಲವಾ?

ವರಲಕ್ಷ್ಮಮ್ಮ

---

ಹೊಸೂರು
9 ಮಾರ್ಚ್ 2005

ಶ್ರೀಮತಿ ವರಲಕ್ಷ್ಮಮ್ಮನವರಿಗೆ,

ಎರಡನೇ ರಿಪೋರ್ಟು ಬಂತು. ಮೊದಲಿಗಿಂತಲೂ ಜಾಸ್ತಿ. ಬೆಲ್ಲ ಬಿಟ್ಟು, ಮುದ್ದೆ ಅರ್ಧ ಮಾಡಿ, ಉಪವಾಸ ಮಲಗಿ ಎದ್ದವರಿಗೆ ಶುಗರ್ ಏರುವುದು ಹೇಗೆ ಎಂದು ನನಗೆ ತಿಳಿಯುತ್ತಿಲ್ಲ. ಡಾಕ್ಟರಿಗೂ ತಿಳಿಯಲಿಲ್ಲ. ಡಾಕ್ಟರು ಇನ್ನೂ ಅನ್‌ಫಿಟ್ ಎಂದು ಬರೆದಿಲ್ಲ, ಮುಂದಿನ ಸಲ ಬಂದಾಗ ಬರೆಯುತ್ತಾರೆ.

ಡಯಾಲಿಸಿಸ್ ವಾರ್ಡಿನಲ್ಲಿ ಮಾಲೂರು ಕಡೆಯ ಒಬ್ಬ ಹೆಂಗಸು ಪರಿಚಯ. ಅವಳ ಮೈದುನ ಕಿಡ್ನಿ ಕೊಡುತ್ತೇನೆಂದು ಎಲ್ಲರ ಮುಂದೆ ಒಪ್ಪಿ, ಪರೀಕ್ಷೆಯ ದಿನ ಬೇಕೆಂದೇ ಸಿಹಿ ತಿಂದು ಹೋದನಂತೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ, ಅದಕ್ಕೆ ರಕ್ತದ ಕೈಯಲ್ಲಿ ಹೇಳಿಸಿದ ಎಂದಳು. ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಇಲ್ಲ.

ನಿಮಗೂ ಸಂಸಾರವಿದೆ, ಹೊಲವಿದೆ. ಮನಸ್ಸಿಲ್ಲದಿದ್ದರೆ ನೇರವಾಗಿ ಹೇಳಿಬಿಡಿ. ನಾನು ತಪ್ಪು ತಿಳಿಯುವುದಿಲ್ಲ. ಆದರೆ ಆಸೆ ತೋರಿಸಿ ಕಾಯಿಸಬೇಡಿ. ನನ್ನ ಗಂಡನ ಬಳಿ ಕಾಯುವಷ್ಟು ಕಾಲವಿಲ್ಲ.

ಶ್ರೀವಿದ್ಯಾ

---

ಅಂಚೆಟ್ಟಿ
14 ಮಾರ್ಚ್ 2005

ಶ್ರೀವಿದ್ಯಾಗೆ,

ನನ್ನನ್ನು ಶ್ರೀಮತಿ ಎಂದು ಕರೆದವಳು ಈ ಜನ್ಮದಲ್ಲಿ ನೀನೊಬ್ಬಳೇ. ಕಾಗದ ಓದಿ ಒಲೆಗೆ ಹಾಕಬೇಕೆಂದಿದ್ದೆ. ಹಾಕಿದರೆ ಉತ್ತರ ಬರೆಯುವಾಗ ನಿನ್ನ ಮಾತುಗಳು ನನಗೆ ಸರಿಯಾಗಿ ನೆನಪಿರುವುದಿಲ್ಲ ಎಂದು ಇಟ್ಟುಕೊಂಡೆ.

ಅಂಬರೀಶ ಹುಟ್ಟಿದಾಗ ನನಗೆ ಒಂಬತ್ತು ವರ್ಷ. ಅವನನ್ನು ಸೊಂಟದ ಮೇಲೆ ಹೊತ್ತು ಹೊತ್ತು ಈ ನನ್ನ ಎಡ ಸೊಂಟ ಇವತ್ತಿಗೂ ಒಂದು ಚೂರು ವಾರೆ ಇದೆ. ಅಂಥವಳು ಅವನನ್ನು ಉಳಿಸಲು ಮನಸ್ಸಿಲ್ಲದೆ ಕದ್ದು ಸಿಹಿ ತಿಂದಳು ಎನ್ನುತ್ತೀಯಲ್ಲ, ನಿನ್ನ ಕೈ ಹೇಗೆ ಬಂತು ಬರೆಯಲು? ಬಹಳ ನೋವಾಯಿತು ನನಗೆ.

ನಿನ್ನಿಂದ ಮುಚ್ಚಿಟ್ಟದ್ದು ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಯಜಮಾನರು ಒಪ್ಪಿಲ್ಲ. "ಕೊಟ್ಬುಟ್ಟು ನೀನು ಮಲಗಿದ್ರೆ ನಾನೇನು ಮಾಡ್ಲಿ" ಎಂದು ಸಂಕ್ರಾಂತಿಯಿಂದ ಮುಖ ಊದಿಸಿಕೊಂಡಿದ್ದಾರೆ. ಅವರ ಮಾತು ಮೀರಿ ಎರಡು ಸಲವೂ ಒಬ್ಬಳೇ ಹೋದೆ.

ಹೋದವಳು ಏನು ಮಾಡಿದೆ ಎಂದು ಕೇಳು. ಮೊದಲನೇ ಸಲ ಆಂಜನೇಯನಿಗೆ ಬರೀ ಅರ್ಚನೆ ಮಾಡಿಸಿದ್ದೆ. ಅದು ಸಾಲಲಿಲ್ಲವೇನೋ, ಅದಕ್ಕೇ ಶುಗರ್ ಬಂತು ಎಂದುಕೊಂಡು ಎರಡನೇ ಸಲ ದೊಡ್ಡದಾಗಿ ಹರಕೆ ಹೊತ್ತೆ. ಮನೆಯ ಗಿಡದ ಬಾಳೆಗೊನೆಯನ್ನೇ ಹೊತ್ತುಕೊಂಡು ಹೋಗಿ ರಸಾಯನದ ಸೇವೆ ಮಾಡಿಸಿದೆ. ತಲೆ ತಿರುಗುತ್ತಿದ್ದರೂ ಪ್ರದಕ್ಷಿಣೆ ಹಾಕಿದೆ. ಪೂಜಾರಿ ರಾಮಕೃಷ್ಣಪ್ಪ ಹಿಂದಿನ ಸಲ ಕೈಗೆ ಒಂದು ಹಿಡಿ ಸಿಹಿ ಪ್ರಸಾದ ಹಾಕಿದ್ದವನು, ಈ ಸಲ ನನ್ನ ಮುಖ ನೋಡಿ ಬಾಳೆಹಣ್ಣು, ಬೆಲ್ಲ, ಕಾಯಿತುರಿ ಎಲ್ಲ ಕಲಸಿದ್ದನ್ನು ದೊನ್ನೆ ತುಂಬ ಕೊಟ್ಟು, "ತಮ್ಮನ್ನ ನೆನೆಸ್ಕೊಂಡು ತಗೋ ತಾಯಿ, ಎಲ್ಲಾ ಒಳ್ಳೇದಾಯ್ತದೆ" ಎಂದ. ಒಂದು ಚೂರೂ ನೆಲಕ್ಕೆ ಬೀಳದ ಹಾಗೆ, ಕಣ್ಣು ಮುಚ್ಚಿಕೊಂಡು, ಅಂಬರೀಶನ ಹೆಸರು ಹೇಳಿಕೊಂಡು ಅಷ್ಟನ್ನೂ ತೆಗೆದುಕೊಂಡೆ. ಅಷ್ಟು ಹೊತ್ತಿಗೆ ಲ್ಯಾಬು ತೆರೆದಿತ್ತು, ನೇರವಾಗಿ ಹೋಗಿ ರಕ್ತ ಕೊಟ್ಟೆ. ದೇವರ ಪ್ರಸಾದ ಬಿಟ್ಟರೆ ಒಂದು ಅಗುಳೂ ನನ್ನ ಹೊಟ್ಟೆಯಲ್ಲಿ ಇರಲಿಲ್ಲ. ಆ ಆಂಜನೇಯನನ್ನೇ ಕೇಳು.

ಇಷ್ಟರ ಮೇಲೂ ನಂಬಿಕೆ ಇಲ್ಲದಿದ್ದರೆ ನನಗೆ ಬರೆಯಬೇಡ. ಅವನಿಗೆ ಹೇಗಿದೆ ಎಂದು ಮಾತ್ರ ಯಾರ ಕೈಲಾದರೂ ಹೇಳಿಕಳಿಸು.

ವರಲಕ್ಷ್ಮಮ್ಮ

---

ಹೊಸೂರು
18 ಮಾರ್ಚ್ 2005

ನನ್ನ ಅಕ್ಕನಿಗೆ,

ಮೊದಲು ಕಾಲು ಮುಟ್ಟಿ ಕ್ಷಮೆ ಕೇಳುತ್ತೇನೆ. ಎದುರಿಗೆ ಬಂದಾಗ ನಿಜವಾಗಿಯೂ ಮುಟ್ಟುತ್ತೇನೆ, ಬೇಕಾದಷ್ಟು ಬೈಯಿರಿ. ಆದರೆ ಈಗ ನಾನು ನಗುತ್ತಿದ್ದೇನೆ ಅಕ್ಕ. ಮೂರು ತಿಂಗಳಿಂದ ನಕ್ಕಿರಲಿಲ್ಲ.

ನಿಮ್ಮ ಕಾಗದವನ್ನು ಇವತ್ತು ಆಸ್ಪತ್ರೆಗೆ ಹೋಗುವಾಗ ಚೀಲದಲ್ಲಿ ಹಾಕಿಕೊಂಡಿದ್ದೆ. ಒಡೆಯಲು ಧೈರ್ಯವಿರಲಿಲ್ಲ. ಇವರನ್ನು ಯಂತ್ರಕ್ಕೆ ಹಾಕಿದ ಮೇಲೆ ಪಕ್ಕದ ಸ್ಟೂಲಿನಲ್ಲಿ ಕುಳಿತು ಓದಿದೆ. ಸೊಂಟದ ಮಾತಿಗೆ ಅತ್ತೆ. ಆಮೇಲೆ ದೊನ್ನೆಯ ವಿಷಯಕ್ಕೆ ಬಂದಾಗ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಹೊಳೆದ ಮೇಲೆ ನಗು ತಡೆಯಲಾಗಲಿಲ್ಲ. ನರ್ಸು ಬಂದು ಗದರಿಸಿದರು. ಅವರಿಗೆ ಓದಿ ಹೇಳಿದೆ, ಅವರೂ ಗೋಡೆ ಹಿಡಿದುಕೊಂಡು ನಕ್ಕರು. ಓಡಿಹೋಗಿ ಡಾಕ್ಟರನ್ನೇ ಕರೆತಂದರು.

ಅಕ್ಕ, ದೇವರು ಕೊಟ್ಟರೂ ಬಾಳೆಹಣ್ಣು ಬಾಳೆಹಣ್ಣೇ, ಬೆಲ್ಲ ಬೆಲ್ಲವೇ. ಹೊಟ್ಟೆಗೆ ಹೋದ ಸ್ವಲ್ಪ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ಏರಿಬಿಡುತ್ತದೆ. ಎಷ್ಟೇ ಆರೋಗ್ಯವಂತರಿಗೂ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ನೀವು ಏರಿದ ಗಳಿಗೆಯಲ್ಲೇ ಹೋಗಿ ತೋಳು ಚಾಚಿದ್ದೀರಿ. ಹಿಡಿ ತಿಂದಾಗ ಅಷ್ಟು, ದೊನ್ನೆ ತಿಂದಾಗ ಇನ್ನಷ್ಟು. ನಿಮಗೆ ಹೆದರಿಕೆ ಹೆಚ್ಚಾದಷ್ಟೂ ಭಕ್ತಿ ಹೆಚ್ಚಾಯಿತು, ಭಕ್ತಿ ಹೆಚ್ಚಾದಷ್ಟೂ ಶುಗರ್ ಹೆಚ್ಚಾಯಿತು. ತಪ್ಪು ನಿಮ್ಮದಲ್ಲ. ಏನೂ ತಿನ್ನಬೇಡಿ ಎಂದು ನಾನು ಬರೆದೆ. ಪ್ರಸಾದವನ್ನು ತಿನ್ನುವುದು ಎಂದು ನಮ್ಮಲ್ಲಿ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಏಕಾದಶಿಯ ದಿನ ನಮ್ಮಮ್ಮನೂ ಹಿಡಿಯುತ್ತಿರಲಿಲ್ಲ.

ಈಗ ಡಾಕ್ಟರು ಬೆಂಗಳೂರಿನಲ್ಲೇ ಎರಡು ಪರೀಕ್ಷೆ ಮಾಡುತ್ತಾರಂತೆ. ಒಂದರ ಹೆಸರು ಎಚ್‌ಬಿಎ1ಸಿ. ಸಕ್ಕರೆ ರಕ್ತದ ಕಣಗಳಿಗೆ ಅಂಟಿಕೊಳ್ಳುತ್ತದೆಯಂತೆ. ಎಷ್ಟು ಅಂಟಿದೆ ಎಂದು ನೋಡಿದರೆ ಕಳೆದ ಮೂರು ತಿಂಗಳಲ್ಲಿ ಮೈಯಲ್ಲಿ ಸಕ್ಕರೆ ಹೇಗಿತ್ತು ಎಂಬುದು ಒಟ್ಟಾರೆ ತಿಳಿಯುತ್ತದೆ. ಆ ದಿನ ಬೆಳಿಗ್ಗೆ ತಿಂದದ್ದು ಅದನ್ನು ಕೆಡಿಸುವುದಿಲ್ಲ. ಇನ್ನೊಂದಕ್ಕೆ ಮಾತ್ರ ಬರಿಹೊಟ್ಟೆ ಬೇಕು. ನಿಜವಾದ ಬರಿಹೊಟ್ಟೆ. ಬೆಳಿಗ್ಗೆ ಯಾವ ಗುಡಿಯ ಮೆಟ್ಟಿಲೂ ಹತ್ತಬೇಡಿ.

ನಾನೂ ಒಂದು ಮುಚ್ಚಿಟ್ಟಿದ್ದೆ. ಇವರು ನಿಮಗೆ ಬರೆಯದಿದ್ದುದು ಕೈ ನೋವಿನಿಂದಲ್ಲ. ನಿಮಗೆ ಶುಗರ್ ಎಂದಾಗ ಇವರ ಮುಖದಲ್ಲಿ ನೆಮ್ಮದಿ ಕಂಡೆ. "ಅಕ್ಕನ ಮೈಗೆ ಕತ್ತಿ ಹಾಕ್ಸಿ ನಾನು ಬದುಕ್ಬೇಕಾ, ಬುಟ್ಟಾಕು ಅದನ್ನ" ಎಂದರು. ಇವತ್ತು ನಾವೆಲ್ಲ ನಗುವಾಗ ಇವರೊಬ್ಬರು ಗೋಡೆಯ ಕಡೆ ತಿರುಗಿಕೊಂಡರು. ನೀವೇ ಬಂದು ಮಾತಾಡಬೇಕು. ನನ್ನ ಕೈಲಿ ಆಗುವುದಿಲ್ಲ.

ನಿಮ್ಮ
ಶ್ರೀವಿದ್ಯಾ

---

ಅಂಚೆಟ್ಟಿ
10 ಏಪ್ರಿಲ್ 2005

ಶ್ರೀವಿದ್ಯಾಗೆ ಆಶೀರ್ವಾದ.

ಬೆಂಗಳೂರಿನಿಂದ ಸುಖವಾಗಿ ಬಂದು ಸೇರಿದೆವು. ನೀನು ಕಾಲಿಗೆ ಬಿದ್ದದ್ದು ಸರಿ. ಆದರೆ ಆಸ್ಪತ್ರೆಯ ಬಾಗಿಲಲ್ಲಿ, ಅಷ್ಟು ಜನರ ಮುಂದೆ ಬಿದ್ದೆಯಲ್ಲ, ನನಗೇ ನಾಚಿಕೆಯಾಯಿತು.

ನಿನ್ನ ಡಾಕ್ಟರ ಬುದ್ಧಿ ಮಾತ್ರ ನನಗೆ ಅರ್ಥವಾಗಲಿಲ್ಲ. ಒಂದು ದೊನ್ನೆ ರಸಾಯನ ತಿಂದೆ ಎಂದು ಊರೆಲ್ಲ ನಗಾಡಿ, ಕೊನೆಗೆ ಅವರೇ ಒಂದು ದೊಡ್ಡ ಲೋಟದ ತುಂಬ ಸಕ್ಕರೆ ಪಾಕ ಕೊಟ್ಟು ಕುಡಿ ಎಂದರು. ಕುಡಿದ ಸಕ್ಕರೆಯನ್ನು ಮೈ ಎಷ್ಟು ಬೇಗ ಇಳಿಸುತ್ತದೆ ಎಂದು ನೋಡುವುದಕ್ಕೆ ಎಂದು ನೀನು ಹೇಳಿದೆ, ಸರಿ. ಆ ಪಾಕದ ಮುಂದೆ ರಾಮಕೃಷ್ಣಪ್ಪನ ರಸಾಯನ ಸಪ್ಪೆ.

ಯಜಮಾನರ ವಿಷಯ ನಿನಗೆ ಹೇಳಲು ಆಗಲಿಲ್ಲ, ಅವರು ಪಕ್ಕದಲ್ಲೇ ಇದ್ದರು. ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದ ದಿನ ಅವರು ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿ ಬಂದರು. ಆಮೇಲೆ, "ಪ್ರಸಾದ ತಿಂದು ಕೆಡಿಸ್ಕೊಂಡು ಬಂದವಳನ್ನ ಒಬ್ಬಳನ್ನೇ ಹೆಂಗೆ ಕಳ್ಸೋದು, ನಾನೂ ಬತ್ತೀನಿ" ಎಂದರು. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅದು. ಬಸ್ಸಿನಿಂದ ಇಳಿದಾಗಿನಿಂದ ರಕ್ತ ಕೊಡುವವರೆಗೆ ನನ್ನ ಸೆರಗು ಹಿಡಿಯದಿದ್ದುದು ಒಂದು ಬಾಕಿ. ದಾರಿಯಲ್ಲಿ ಒಂದು ಗಣಪತಿ ಗುಡಿ ಸಿಕ್ಕಿತು. ನಾನು ನಿಂತು ಕೈ ಮುಗಿದದ್ದಕ್ಕೇ, "ಅಲ್ಲಿಂದ್ಲೇ ಮುಗಿ, ಒಳಕ್ಕೆ ಹೋಗ್ಬೇಡ" ಎಂದು ಗದರಿದರು.

ನೀನು ಔಷಧಿ ತರಲು ಹೋದಾಗ ಅಂಬರೀಶನ ಜೊತೆ ಆಡಿದ ಮಾತು ನಿನಗೆ ತಿಳಿದಿರಲಿ. ಅವನು ಮೊದಲು ನನ್ನ ಮುಖವನ್ನೇ ನೋಡಲಿಲ್ಲ. "ಅಕ್ಕ, ನೀನು ದಾನ ಮಾಡಿ ನಾನು ಬದುಕೋದು ಬ್ಯಾಡ" ಎಂದ. ನನಗೆ ಕೋಪ ಬಂತು. "ದಾನ ಯಾರು ಮಾಡ್ತಾವ್ರೆ ನಿಂಗೆ? ನಂಗೆ ತವರು ಅಂತ ಉಳಿದಿರೋದು ನೀನೊಬ್ನೇ ಕಣ್ಲಾ. ನೀನು ಹೋಗ್ಬುಟ್ರೆ ಗೌರಿ ಹಬ್ಬಕ್ಕೆ ನನ್ನ ಯಾರು ಕರೀತಾರೆ? ಅರಿಶಿನ ಕುಂಕುಮ ಯಾರ ಮನೆಯಿಂದ ಬತ್ತದೆ? ಒಂದು ಕಿಡ್ನಿ ಇಟ್ಕೊಂಡು ನಾನು ಬದುಕ್ತೀನಿ, ತವರಿಲ್ಲದೆ ಆಗಲ್ಲ. ನನ್ನ ಆಸೆಗೆ ಕೊಡ್ತಾ ಇವ್ನಿ, ಸುಮ್ನೆ ತಗೋ" ಎಂದೆ. ಅವನು ಆಮೇಲೆ ಚಿಕ್ಕವನ ಹಾಗೆ ಅತ್ತ. ನಾನೂ ಅತ್ತೆ. ಅತ್ತು ಮುಗಿದ ಮೇಲೆ, "ಬಾಳೆಗೊನೆ ನಂಗೆ ತರದೆ ಆಂಜನೇಯನಿಗೆ ಯಾಕೆ ಕೊಟ್ಟೆ" ಎಂದು ಕೇಳಿದ. ಒಪ್ಪಿದ ಎಂದು ಅರ್ಥ ಮಾಡಿಕೊಂಡೆ.

ರಿಪೋರ್ಟು ಬಂದ ಕೂಡಲೇ ಬರೆ. ಕಾಗದ ಬರುವವರೆಗೆ ನನಗೆ ಊಟ ಸೇರುವುದಿಲ್ಲ, ಈಗ ಯಾವ ಪರೀಕ್ಷೆಯೂ ಇಲ್ಲದಿದ್ದರೂ.

ವರಲಕ್ಷ್ಮಕ್ಕ

---

ಹೊಸೂರು
15 ಏಪ್ರಿಲ್ 2005

ಅಕ್ಕ,

ನಿಮಗೆ ಶುಗರ್ ಇಲ್ಲ. ಮೂರು ತಿಂಗಳ ಲೆಕ್ಕವೂ ಚೆನ್ನಾಗಿದೆ, ಪಾಕ ಕುಡಿದ ಲೆಕ್ಕವೂ ಚೆನ್ನಾಗಿದೆ. ಕ್ರಾಸ್‌ಮ್ಯಾಚ್ ಕೂಡ ಆಯಿತು. ಎಂದರೆ ನಿಮ್ಮ ರಕ್ತ, ಅವರ ರಕ್ತ ಸೇರಿಸಿ ಒಂದಕ್ಕೊಂದು ಜಗಳವಾಡುತ್ತವೆಯಾ ಎಂದು ನೋಡಿದ್ದಾರೆ. ಆಡಲಿಲ್ಲ. ಅಕ್ಕತಮ್ಮ ಮಾತಿನಲ್ಲಿ ಆಡುವ ಜಗಳವೇ ಸಾಕು ಎಂದು ಡಾಕ್ಟರು ತಮಾಷೆ ಮಾಡಿದರು.

ಕೊಡಲು ತಕ್ಕವರು ಎಂದು ಬರೆದುಕೊಟ್ಟಿದ್ದಾರೆ. ಈಗ ಊಟ ಮಾಡಿ. ಸಿಹಿಯನ್ನೂ ಮಾಡಿ.

ನಿಮ್ಮ
ವಿದ್ಯಾ

---

ಬೆಂಗಳೂರು
6 ಆಗಸ್ಟ್ 2005

ಅಕ್ಕನಿಗೆ ನಮಸ್ಕಾರಗಳು.

ಆಪರೇಷನ್ ಮುಗಿದು ನಿಮ್ಮನ್ನು ಊರಿಗೆ ಕಳಿಸಿದ ಮೇಲೆ ಈ ಆಸ್ಪತ್ರೆ ಬಣಬಣ ಎನ್ನುತ್ತಿದೆ. ಹೊಲಿಗೆ ಹೇಗಿದೆ? ಭಾರ ಎತ್ತಬೇಡಿ, ಎತ್ತಿದರೆ ನಿಮ್ಮ ಯಜಮಾನರು ಆವುಲಪ್ಪಣ್ಣ ನನಗೆ ತಿಳಿಸುತ್ತಾರೆ. ಕಿಡ್ನಿ ಕೊಡುವವರ ಒಪ್ಪಿಗೆ ಕೇಳುವ ಸಮಿತಿಯ ಮುಂದೆ ನೀವು ಹೇಳಿದ್ದನ್ನು ಇಲ್ಲಿಯ ನರ್ಸುಗಳು ಇನ್ನೂ ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಾರೆ. ಯಾರಾದರೂ ಬಲವಂತ ಮಾಡಿದರಾ ಎಂದು ಅವರು ಕೇಳಿದರೆ, "ಹೊರಗೆ ನಮ್ಮ ಯಜಮಾನ್ರು ಕೂತವ್ರೆ, ನನ್ನ ಮೇಲೆ ಬಲವಂತ ನಡೀತದಾ ಕೇಳಿ ನೋಡಿ" ಎಂದಿರಂತೆ.

ಇವರ ಕಸ ಎಷ್ಟು ಎಂದು ಕೇಳಿದ್ದೀರಿ. ಒಂದೂಕಾಲಕ್ಕೆ ಇಳಿದಿದೆ. ನಿಮ್ಮ ಕಿಡ್ನಿ ಮೇಜಿನ ಮೇಲೆಯೇ ಕೆಲಸ ಶುರು ಮಾಡಿತು, ಜೋಡಿಸಿ ಮುಗಿಸುವ ಮುಂಚೆಯೇ ಮೂತ್ರ ಬಂತು ಎಂದು ಡಾಕ್ಟರು ಹೊರಗೆ ಬಂದು ಹೇಳಿದರು. ಆ ಮಾತು ಕೇಳಿ ಆವುಲಪ್ಪಣ್ಣ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತದ್ದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ನಾನು ಹೇಳುತ್ತಿದ್ದೇನೆ. ನೀವು ಆಗ ಇನ್ನೂ ಎಚ್ಚರವಾಗಿರಲಿಲ್ಲ.

ರಿಜೆಕ್ಷನ್ ಎಂಬ ಮಾತು ಕೇಳಿ ಹೆದರಿದ್ದೀರಿ. ಹೊಸ ಕಿಡ್ನಿಯನ್ನು ಮೈ ತನ್ನದಲ್ಲ ಎಂದು ಗುರುತಿಸಿ ಹೊರಹಾಕಲು ನೋಡಬಹುದು. ಹಾಗಾಗದಂತೆ ಮೈಯನ್ನು ಸಮಾಧಾನದಲ್ಲಿಡಲು ಬದುಕಿರುವವರೆಗೂ ಮಾತ್ರೆ ನುಂಗಬೇಕು, ಹೊತ್ತು ತಪ್ಪಬಾರದು. ಮಾತ್ರೆಯಿಂದ ಸೋಂಕು ಬೇಗ ತಗಲುತ್ತದೆ, ಅದಕ್ಕೆ ಇವರನ್ನು ಗಾಜಿನ ಆಚೆ ಇಟ್ಟಿದ್ದಾರೆ. ಡಾಕ್ಟರಿಗೆ ಈಗ ಯಾವ ಭಯವೂ ಇಲ್ಲ. ನನಗೆ ಮಾತ್ರ ದಿನಾ ಬೆಳಿಗ್ಗೆ ರಿಪೋರ್ಟು ಬರುವವರೆಗೆ ಭಯ ಇದ್ದೇ ಇರುತ್ತದೆ. ಅದೂ ಕಡಿಮೆಯಾಗುತ್ತಿದೆ.

ನಿಮ್ಮ
ವಿದ್ಯಾ

---

ಅಂಚೆಟ್ಟಿ
22 ಜನವರಿ 2006

ವಿದ್ಯಾಗೆ ಆಶೀರ್ವಾದ.

ಈ ಕಾಗದವನ್ನು ನಾಳೆ ಅಂಬರೀಶನ ಕೈಲೇ ಕಳಿಸುತ್ತೇನೆ. ಅವನು ಇವತ್ತು ರಾತ್ರಿ ಬರುವುದಿಲ್ಲ ಎಂದು ನಿಮ್ಮ ಪಕ್ಕದ ಮನೆಗೆ ಫೋನು ಮಾಡಲು ಯಜಮಾನರು ಬೂತಿಗೆ ಹೊರಟಿದ್ದಾರೆ. ಹೆದರಬೇಡ, ಏನೂ ಆಗಿಲ್ಲ.

ಬೆಳಿಗ್ಗೆ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಬಸ್ಸಿನಿಂದ ಇಳಿದ. ನಾನು ಗುರುತು ಹಿಡಿಯದೆ ಯಾರೋ ಆಸ್ಪತ್ರೆಯವರು ಎಂದುಕೊಂಡೆ. ಮೈ ತುಂಬಿಕೊಂಡಿದ್ದಾನೆ, ಕೆನ್ನೆಗೆ ಬಣ್ಣ ಬಂದಿದೆ. ನೀರು ಕಾಯಿಸಿ ಆರಿಸಿಟ್ಟಿದ್ದೆ. ಒಂದು ಚೊಂಬು ಎತ್ತಿ ಕುಡಿದ. ಎರಡು ಮುದ್ದೆ, ಅವರೆಕಾಳಿನ ಸಾರು ತಿಂದು ಇನ್ನೊಂದು ಚೊಂಬು ಕುಡಿದ. ಯಂತ್ರದ ಕಾಲದಲ್ಲಿ ನೀರು ಅಳೆದು ಕುಡಿಯಬೇಕಿತ್ತು, ಈಗ ಎಷ್ಟು ಕುಡಿದರೂ ಬೈಯುವವರಿಲ್ಲ ಎಂದು ಮತ್ತೆ ಮತ್ತೆ ಹೇಳಿದ. ಹೊಲದ ಬದುವಿನ ಮೇಲೆ ಒಂದು ಸುತ್ತು ಬಂದ. ನನ್ನನ್ನು ಮೂಟೆ ಮುಟ್ಟಲು ಬಿಡದ ಯಜಮಾನರ ಜೊತೆ ಸೇರಿಕೊಂಡು ನನ್ನನ್ನೇ ಆಡಿಕೊಂಡು ನಕ್ಕ.

ಆಮೇಲೆ ಜಗಲಿಯ ಮೇಲೆ ಸ್ವಲ್ಪ ಒರಗುತ್ತೇನೆ ಎಂದವನು ನಿದ್ದೆ ಹೋದ. ಬಿಸಿಲು ಇಳಿದರೂ ಎಚ್ಚರವಿಲ್ಲ. ಒಳ್ಳೆ ನಿದ್ದೆ, ಬಾಯಿ ತೆರೆದುಕೊಂಡು. ಪಕ್ಕದಲ್ಲಿ ಕುಳಿತು ಸುಮ್ಮನೆ ನೋಡುತ್ತಿದ್ದೆ. ಅವನು ಹೊತ್ತಿನ ಮಾತ್ರೆ ತಂದಿದ್ದಾನೆ, ನಾನು ಎಬ್ಬಿಸಿ ಕೊಡುತ್ತೇನೆ, ಆ ಚಿಂತೆ ಬಿಡು.

ಈಗ ತಾನೇ ಹೊಸೂರಿನ ಕೊನೆಯ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು. ಯಜಮಾನರು, "ಎಬ್ಬುಸ್ಲಾ, ಬಸ್ಸು ಬಂತು" ಎಂದರು. "ಮಲ್ಕೊಳ್ಳಿ ಬುಡಿ, ಹೋಗೋ ಬಸ್ಸು ಹೋಗ್ಲಿ" ಎಂದೆ. ಹೋಯಿತು. ನಾಳೆ ಸೋಮವಾರ, ನಾಡಿದ್ದು ಮಂಗಳವಾರ, ಮೊದಲಾದರೆ ಯಂತ್ರದ ದಿನ. ಯಾವ ವಾರವಾದರೂ ಈಗ ನಮಗೆ ಒಂದೇ ಅಲ್ಲವಾ, ವಿದ್ಯಾ.

ವರಲಕ್ಷ್ಮಕ್ಕ